ಕಡಮೆ ನಾಲ್ಕು

ನರಸಾಪುರದ ಗೇಟಿನಲ್ಲಿ ನಾನು ಲೆಕ್ಕದವನು.
ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ,
ನಡುವೆ ಒಂದು ಕೆಂಪು ಗೀಟು.
ಹದಿನಾಲ್ಕು ತಿಂಗಳ ಹಿಂದೆ ಎಡಕ್ಕೆ ಬರೆದದ್ದನ್ನೆಲ್ಲ
ಈ ವಾರ ಬಲಕ್ಕೆ ಬರೆಯಬೇಕು:
ಕ್ರೇನು ಇಳಿಯುತ್ತಿದೆ.

ಮೊದಲು ಇಳಿದದ್ದು ಬೆನ್ನಿನ ಭಾರ,
ಸಿಮೆಂಟಿನ ಚಪ್ಪಡಿಗಳು, ಒಂದೊಂದೂ ಎರಡೂವರೆ ಟನ್ನು.
ಎಲ್ಲ ತೆಗೆಯುವಂತಿಲ್ಲ, ಒಂದನ್ನು ಬಿಡಬೇಕು,
ಇಲ್ಲದಿದ್ದರೆ ಮುಂದಿನ ತೋಳು ಮುಗ್ಗರಿಸುತ್ತದೆ
ಎಂದ ಆಂಡರ್ಸನ್‌ಪೇಟೆಯ ಫಿಟ್ಟರ್ ಅರುಳದಾಸ್.
ವಾಚ್‌ಮನ್ ಪಿಳ್ಳಪ್ಪನಿಗೆ ಇದೆಲ್ಲ ಹಳೇ ಸುದ್ದಿ:
"ಏತ ಕಣಪ್ಪಾ ಇದು, ಬರೀ ಏತ.
ಹಿಂದೆ ಗುಂಡು ಕಟ್ಟದೆ ಮುಂದೆ ನೀರು ಬಂದದ್ದುಂಟಾ?"

ಆಮೇಲೆ ತೋಳು. ಐವತ್ತೈದು ಮೀಟರು.
ನೆಲಕ್ಕೆ ಮಲಗಿಸಿದಾಗ ತಿಳಿಯಿತು,
ಮೇಲೆ ಪೆನ್ಸಿಲ್ ಗೀಟಿನಂತಿದ್ದುದರ ಒಳಗೆ
ಆಳು ಬಗ್ಗಿ ನಡೆಯಬಹುದು.
ಅದರ ಹೊಟ್ಟೆಯಡಿ ಓಡಾಡುವ ಟ್ರಾಲಿ,
ಟ್ರಾಲಿಗೆ ಜೋತ ಕೊಕ್ಕೆ.
ಕೊಕ್ಕೆಯ ನಾಲಗೆಗೆ ಸ್ಪ್ರಿಂಗು ಸತ್ತಿದೆ.
ಗಾಯ, ಎಂದು ಬರೆದುಕೊಂಡೆ.
ಆ ಕಾಲಮ್ಮಿನ ಹೆಸರು ನಷ್ಟ. ಹೊಡೆದು ತಿದ್ದಿದೆ.

ಹಗ್ಗವನ್ನು ಮೊನ್ನೆಯೇ ಬಿಚ್ಚಿದ್ದರು.
ಮೂಲೆಯಲ್ಲಿ ಬಿದ್ದಿದೆ ದುಂಡಗೆ,
ಸುತ್ತಿದ ಡ್ರಮ್ಮನ್ನು ಇನ್ನೂ ಮರೆಯದೆ.

ಕ್ಯಾಬಿನ್ನು, ಜಬೀವುಲ್ಲಾ ಕೂತಿದ್ದ ಗಾಜಿನ ಡಬ್ಬಿ.
ಒಳಗಿನದ್ದು ಕಂಪನಿಯ ಪಟ್ಟಿಯಲ್ಲಿಲ್ಲ:
ಉಪ್ಪು ಬೆರೆಸಿದ ಹುಣಸೆಯ ಪೊಟ್ಟಣ,
ಮುಚ್ಚಳ ಬಿಗಿದ ಎರಡು ಲೀಟರಿನ ಬಾಟಲಿ, ಏನೆಂದು ಕೇಳಬೇಡಿ,
ಗಾಜಿನ ತುಂಬ ಮಾರ್ಕರಿನ ಚುಕ್ಕಿಗಳು.
ಇಲ್ಲಿ ಅಂತರಗಂಗೆ ಬೆಟ್ಟ,
ಇಲ್ಲಿ ಟೊಮೇಟೊ ಲಾರಿಗಳು ಹೆದ್ದಾರಿಗೆ ಹೊರಳುವ ತಿರುವು,
ಇಲ್ಲಿ, ತೀರ ಕೆಳಗೆ, "ಗೇಟ್".
ಅಂದರೆ ನಾನು.
ದಿನಕ್ಕೆ ನೂರು ಸಲ ಅವನ ಬೂಟಿನಡಿ ಹಾದುಹೋದವನು.
ಮುಖ ನೋಡಿ ಮಾತಾಡಿದ್ದು ಮೂರೇ ಸಲ.

ಕ್ಯಾಬಿನ್ನಿನ ಕೆಳಗೆ ಹಲ್ಲಿನ ಬಳೆ,
ಇಡೀ ತಲೆ ತಿರುಗುತ್ತಿದ್ದುದು ಇದರ ಮೇಲೆ.
ಸಂಜೆ ಇಳಿಯುವ ಮುನ್ನ ಅವನು ಇದರ ಬ್ರೇಕು ಬಿಟ್ಟು ಬರುತ್ತಿದ್ದ.
ಕಟ್ಟಿಹಾಕಿದರಲ್ಲವೆ ನಿಲ್ಲುವುದು? ಕೇಳಿದೆ.
"ಗಾಳಿ ಜೊತೆ ಜಿದ್ದು ಬೇಡ ಭಾಯ್.
ಕಟ್ಟಿದ್ರೆ ಮುರಿಯುತ್ತೆ. ಬಿಟ್ರೆ, ಅದು ಹೋದ ಕಡೆ ಮುಖ ಮಾಡುತ್ತೆ, ಅಷ್ಟೆ."
ಆಷಾಢದ ರಾತ್ರಿಪಾಳಿಯಲ್ಲಿ ನೋಡಿದ್ದೇನೆ:
ಮೇಲೆ ಯಾರೂ ಇಲ್ಲ, ಕೆಂಪು ದೀಪವೊಂದೇ,
ಅಷ್ಟುದ್ದದ ಕಬ್ಬಿಣ
ನಿದ್ದೆಯಲ್ಲಿ ಮಗ್ಗುಲಾದ ಹಾಗೆ, ನಿಧಾನ.

ಉಳಿದದ್ದು ಕಂಬ. ಹದಿನೇಳು ತುಂಡು, ಲಾರಿಗೆ ಮೂರು.
ಬೋನೊಂದರಲ್ಲಿ ತನ್ನ ತಲೆಯನ್ನು ತಾನೇ ಎತ್ತಿಕೊಂಡು
ಸಂದಿಗೆ ಒಂದೊಂದೇ ತುರುಕಿಕೊಂಡು ಬೆಳೆದದ್ದು.
ಇಳಿಸುವುದಕ್ಕೆ ಮಾತ್ರ
ಬಾಡಿಗೆಯ ಕ್ರೇನು ಬರಬೇಕಾಯಿತು.

ಸಂಜೆ ಕೂಡಿದರೆ ಕಡಮೆ ನಾಲ್ಕು.
ಮತ್ತೆ ಕೂಡಿದೆ. ನಾಲ್ಕು.
ಅರುಳದಾಸ್ ನಕ್ಕು ಬೂಟಿನಿಂದ ನೆಲ ತಟ್ಟಿದ:
ಪಾದದ ಕಬ್ಬಿಣ, ಕಾಂಕ್ರೀಟಿನೊಳಗೆ ಹೂತದ್ದು.
ಮೇಲಿನ ಗೇಣನ್ನು ಗ್ಯಾಸಿನಲ್ಲಿ ಕೊಯ್ದು
ಮಿಕ್ಕದ್ದನ್ನು ಅಲ್ಲೇ ಬಿಡುವುದು ವಾಡಿಕೆಯಂತೆ.
ನಾಳೆ ಮಣ್ಣು, ನಾಡಿದ್ದು ಟೈಲ್ಸು,
ಆಮೇಲೆ ಮ್ಯಾನೇಜರ್ ಸಾಹೇಬರ ಕಾರು.

ಬಲಕ್ಕೆ ಬರೆಯಲಾಗದು, ಹೋಗಿಲ್ಲ.
ನಷ್ಟ ಅನ್ನಲಾಗದು, ಇದೆ.
ಕೆಂಪು ಗೀಟಿನ ಮೇಲೆಯೇ, ಅಡ್ಡಡ್ಡ,
"ನಿಂತಿವೆ" ಎಂದು ಬರೆದು
ಕೊನೆಯ ಲಾರಿಗೆ ಗೇಟು ತೆಗೆದೆ.
ಆಡಿಟ್ಟಿನವರು ಕೇಳಿದರೆ
ಪಿಳ್ಳಪ್ಪನ ಕಡೆ ಕೈ ತೋರಿಸಿದರಾಯಿತು.