ಇನ್ನೊಂದು ಗೇಣು

ಅಪ್ಪನ ಸನಿಕೆಗೆ ಹಿಡಿ ಮೂರು ಸಲ ಬದಲಾಯಿತು,
ಅಲಗು ಅದೇ.
ವಾರಕ್ಕೈದು ದಿನ ವೇಕ್ರಾಸಿನ ರೈಲು ಕಾರ್ಖಾನೆಯಲ್ಲಿ
ಬೋಗಿಯಡಿ ಅಂಗಾತ ಮಲಗಿ ಗ್ರೀಸು ಒರೆಸುತ್ತಿದ್ದ ಆಸ್ಬರಿ ಗೇನ್ಸ್
ಶನಿವಾರ ಊರಿನ ಹೆಣಗಳಿಗೆ ಗುಂಡಿ ತೋಡುತ್ತಿದ್ದ.
ಬಿಳಿಯರದು ಓಕ್ ಮರಗಳ ಕೆಳಗೆ, ಕಬ್ಬಿಣದ ಗೇಟಿನೊಳಗೆ.
ನಮ್ಮದು ಹಳಿಯಾಚೆ, ನೀರು ನಿಲ್ಲುವ ತಗ್ಗಿನಲ್ಲಿ.
ಆರಡಿ ಮೂರಡಿ ಯಾರಿಗಾದರೂ ಅಷ್ಟೇ ಅಲ್ಲವಾ ಅಂದರೆ
"ಅಳತೆ ಒಂದೇ, ವರ್ಡೆಲ್. ಗೇಟು ಬೇರೆ."
ಆಮೇಲೆ ಅಳತೆ ಮುಗಿದ ಮೇಲೂ
ಒಂದು ಗೇಣು ಹೆಚ್ಚಿಗೆ ಅಗೆಯುತ್ತಿದ್ದ, ಎರಡೂ ಕಡೆ.
ಯಾಕೆ ಅಂದರೆ ಕಿವುಡ.

ಒಮ್ಮೆ ಮಾತ್ರ ಹೇಳಿದ,
ಹಿತ್ತಿಲಲ್ಲಿ ಮೀನಿನ ಚರ್ಮ ಸುಲಿಯುತ್ತಾ, ಮುಖ ಎತ್ತದೆ.

ಬಂದೂಕು ಕೊಡುತ್ತಾರೆ ಅಂದುಕೊಂಡು ಹೋಗಿದ್ದನಂತೆ.
ಕೊಟ್ಟದ್ದು ಗುದ್ದಲಿ.
ಹಾಲೆಂಡಿನಲ್ಲೊಂದು ಹೊಲ, ಬಿಡದ ಮಳೆ,
ಬೆಳಗಿನ ಗುಂಡಿ ಮಧ್ಯಾಹ್ನಕ್ಕೆ ಕುಸಿದು ಬಾಯಿ ಮುಚ್ಚುತ್ತಿತ್ತು.
ಲಾರಿ ಬರುವುದು, ಹಲಗೆ ಬೀಳುವುದು.
ಮೊದಲ ದಿನ ಇಡೀ ತುಕಡಿ ವಾಂತಿ ಮಾಡಿತು,
ಮೂರನೆಯ ದಿನ ಅಲ್ಲೇ ಕೂತು ರೊಟ್ಟಿ ತಿಂದಿತು.
ಕೊರಳಲ್ಲಿ ಎರಡು ತಗಡಿನ ಬಿಲ್ಲೆ:
ಒಂದು ಹುಡುಗನ ಜೊತೆ ಒಳಗೆ,
ಇನ್ನೊಂದು ಶಿಲುಬೆಗೆ ಮೊಳೆ ಹೊಡೆದು ಹೊರಗೆ.
ಓದಬೇಡ, ಹೊಡಿ, ಅನ್ನುತ್ತಿದ್ದ ಸಾರ್ಜೆಂಟ್.
ಒಂದನ್ನು ಓದಿಬಿಟ್ಟ.

ಕಾಲ್ವಿನ್ ಥ್ರಾಷರ್.
ನಮ್ಮೂರ ಔಷಧಿ ಅಂಗಡಿಯವರ ಮಗ.
ಹಿಂಬಾಗಿಲಲ್ಲಿ ಅಜ್ಜಿಯ ಕ್ವಿನೈನ್ ಚೀಟಿ ತೆಗೆದುಕೊಂಡು
ಚಿಲ್ಲರೆಯನ್ನು ಕೈ ತಾಗದ ಹಾಗೆ
ಹೊಸ್ತಿಲ ಮೇಲೆ ಇಡುತ್ತಿದ್ದ ಹುಡುಗ.
ಆ ಮುಖದ ಕೆಸರನ್ನು ಅಪ್ಪ
ತನ್ನ ತೋಳಿನಲ್ಲಿ ಒರೆಸಿದ. ರೆಪ್ಪೆ ಮುಚ್ಚಿದ.
"ಬೇರೆ ಯಾರಿದ್ದರಲ್ಲಿ, ಅವನಿಗೂ ನನಗೂ?"
ಆಳ ಸಾಕು ಅಂದರು. ನೀರು ಎತ್ತಿಬಿಡುತ್ತದೆ ಅಂದು
ಇನ್ನೊಂದು ಗೇಣು ಅಗೆದ.

ಬಂದ. ಸೈನಿಕರಿಗೆ ಮನೆ ಸಾಲವೆಂದು ಸರಕಾರ ಸಾರಿತ್ತು.
ಅರ್ಜಿ ಬ್ಯಾಂಕಿನ ಮೇಜಿನ ಮೇಲೆ
ಬೋರಲು ಬಿದ್ದದ್ದು ಎದ್ದೇಳಲೇ ಇಲ್ಲ.
ಸಮವಸ್ತ್ರ ತೊಟ್ಟು ಬೀದಿಗಿಳಿಯಬೇಡ ಅಂದಳು ಅಜ್ಜಿ.
ಅವ್ವ ಅದರ ಗುಂಡಿ ಬಿಚ್ಚಿ ನನ್ನಣ್ಣನ ಕೋಟಿಗೆ ಹೊಲಿದಳು.

ನಲವತ್ತೆಂಟರಲ್ಲಿ, ಉಕ್ಕಿನ ಪೆಟ್ಟಿಗೆಯಲ್ಲಿ,
ಕಾಲ್ವಿನ್ ಕೂಡ ಬಂದ.
ಓಕ್ ಮರದಡಿ ಗುಂಡಿ ತೋಡಲು ಕರೆದದ್ದು ಯಾರನ್ನು!
ಒಬ್ಬನನ್ನೇ ಎರಡು ಸಲ ಮಣ್ಣು ಮಾಡಿದವನು
ಬಾವುಟ ಮಡಿಸಿ ಮುಗಿಯುವತನಕ
ಗೋಡೆಯ ಹಿಂದೆ ಸನಿಕೆ ಹಿಡಿದು ನಿಂತಿದ್ದ,
ನಾಲಿಗೆಯ ಮೇಲೆ ಒಂದೇ ಒಂದು ಮಾತು ಇಟ್ಟುಕೊಂಡು:
ನಿಮ್ಮ ಮಗನ ಮುಖ ಚೊಕ್ಕಟವಾಗಿತ್ತು, ಅಮ್ಮಾ.

ಎಲ್ಲರೂ ಹೋದ ಮೇಲೆ ಆಕೆ ತಿರುಗಿ ಬಂದಳು.
ಎರಡು ಡಾಲರು, ಪಕ್ಕದ ಗೋರಿಕಲ್ಲಿನ ಮೇಲೆ ಇಟ್ಟಳು,
ಕೈ ತಾಗದ ಹಾಗೆ.
"ನೀವು ಪುಣ್ಯವಂತರಪ್ಪ. ಅಲ್ಲಿಯದನ್ನೆಲ್ಲ ನೋಡಬೇಕಾಗಲಿಲ್ಲ."
ಅಪ್ಪ ಟೋಪಿ ತೆಗೆದ.
"ಹೌದಮ್ಮ."

ಮೀನು ತೊಳೆದು ಒಳಗೆ ಹೋದ.
ನಶ್ಯದ ಡಬ್ಬಿಯಲ್ಲಿ ಆ ಎರಡು ನೋಟು ಈಗಲೂ ಇವೆ.
ನಮಗೆ ಶೂ ಇಲ್ಲದ ಚಳಿಗಾಲದಲ್ಲೂ ಅವು ಹೊರಗೆ ಬರಲಿಲ್ಲ;
ಅದಕ್ಕಾಗಿ ಅವನ ಮೇಲೆ ನನಗಿನ್ನೂ ಸ್ವಲ್ಪ ಸಿಟ್ಟಿದೆ.

ಹಳಿಯಾಚೆ ಅವನ ಗುಂಡಿಯನ್ನು ಯಂತ್ರ ತೋಡಿತು,
ಇಪ್ಪತ್ತು ನಿಮಿಷ.
ಚಾಲಕ ಬೀಡಿ ಹಚ್ಚಿ ಸಾಕಲ್ಲವಾ ಅಂದ.
ತಳದಲ್ಲಿ ಆಗಲೇ ನೀರು ಜಿನುಗುತ್ತಿತ್ತು.
ಅಣ್ಣ ಇಗರ್ಜಿಯ ಕೋಟು ಬಿಚ್ಚಿ ನನಗೆ ಕೊಟ್ಟ.
ನಾನು ಕೋಟನ್ನು ಪಾದ್ರಿಯ ಕೈಗೆ ತುರುಕಿ
ಸನಿಕೆ ತೆಗೆದುಕೊಂಡು
ಅವನಿಗಿಂತ ಮೊದಲೇ ಇಳಿದೆ.