ಪಾಡ್ಯದ ಮರುದಿನ

ನನ್ನ ಕುರ್ಚಿ ತಗದ ಜಾಗಾದಾಗ
ಮಷೀನು ನಿಂತೈತಿ, ಅದರ ಬಾಜೂಕ ನಾನು.
ಗುಳೇದಗುಡ್ಡದ ಈ ಶಾಖೇದಾಗ ಹದಿನಾರು ವರ್ಷ
ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿ ಕೊಟ್ಟಾಕಿ,
ಈಗ ದಿನವೆಲ್ಲಾ ಅನ್ನೂದು ಒಂದ ಮಾತು:
"ಗೀಟಿನ ಚೀಟಿ ಕೆಳಗ ಮಾಡಿ ಇಡ್ರಿ. ದೂಡಬ್ಯಾಡ್ರಿ,
ತಾನ ಎಳಕೋತೈತಿ."

ಇವತ್ತ ಮುಂಜಾನಿಂದ ಬರೇ ಉಗುಳೂದ.
"ಸಂಕೇತ ಓದಲಾಗುತ್ತಿಲ್ಲ" ಅಂತ ಪುಸ್ತಕದ ಕನ್ನಡದಾಗ
ಹೆಣ್ಣು ದನಿ. ಸಿಟ್ಟಿಲ್ಲ, ಬ್ಯಾಸರಿಲ್ಲ,
ನಲವತ್ತು ಸಲ ಅಂದ್ರೂ ಗಂಟಲಾ ಆರೂದಿಲ್ಲ ಅದಕ್ಕ.
ಫೋನ್ ಹಚ್ಚಿದ್ರ ಹುಬ್ಬಳ್ಳಿ ಹುಡುಗ ಅಂದ:
"ಸೆನ್ಸರ್ ಒರಸ್ರಿ ಮೇಡಂ, ಬಂದ್ ಮಾಡಿ ಚಾಲೂ ಮಾಡ್ರಿ."

ಸೆನ್ಸರಿಂದೇನೂ ತಪ್ಪಿಲ್ಲೋ ತಮ್ಮಾ.
ಅಮಾಸಿ ರಾತ್ರಿ ಇಡೀ ಊರು
ಪಾಸ್‌ಬುಕ್ಕು ಲಕ್ಷ್ಮಿ ಮುಂದಿಟ್ಟು ಪೂಜಿ ಮಾಡೇತಿ.
ಗೀಟಿನ ಮ್ಯಾಲ ಅರಿಷಿಣ, ಅರಿಷಿಣದ ಮ್ಯಾಲ ಕುಂಕುಮ,
ಚಿಲ್ಲಾಳ ನೀಲವ್ವನ ಪುಸ್ತಕಕ್ಕ
ಚೆಂಡುಹೂವಿನ ಎಸಳೂ ಅಂಟೇತಿ.
ಬಾಕಿ: ಮುನ್ನೂರಾ ಹನ್ನೊಂದು ರೂಪಾಯಿ.

"ಒರಸಲೇನಬೇ?" ಅಂದೆ.
ಆಕಿ ಮಷೀನು ನೋಡಿದಳು, ನನ್ನ ಮಾರಿ ನೋಡಿದಳು.
"ಮೊನ್ನೆ ಹಚ್ಚಿದ್ದು. ಇವತ್ತ ಅಳಸೂದೇನ ಯವ್ವಾ?"

ಸಾಲು ಬಾಗಲಾ ದಾಟೇತಿ:
ಖಣದ ಮಗ್ಗದಾವ್ರು, ಚಾದಂಗಡಿ ರಾಜೇಸಾಬ,
ವಾರಕ್ಕೊಮ್ಮೆ ತಪ್ಪದ ಬರೋ ಮಲ್ಲಸರ್ಜಪ್ಪ.
ಅವನ ಖಾತೇಕ ವರ್ಷದಿಂದ ಬಂದದ್ದಿಲ್ಲ, ಹೋದದ್ದಿಲ್ಲ.
ಮೊದಲ ನಾ "ಏನೂ ಇಲ್ಲ ಕಾಕಾ" ಅಂತಿದ್ದೆ,
"ಇರಲಿ ಬಿಡು" ಅಂತ ಕುಂತು
ಹೆಂಡ್ತಿ ಮೊಣಕಾಲಿನ ಸುದ್ದಿ ಹೇಳಿ ಹೋಗತಿದ್ದ.
ಮಷೀನೂ ಅದನ್ನ ಹೇಳತೈತಿ: "ಹೊಸ ನಮೂದುಗಳಿಲ್ಲ."
ಅದಕ್ಕ "ಇರಲಿ ಬಿಡು" ಅನ್ನಾಕ ಬಾಯಿ ಬರೂದಿಲ್ಲ ಅವಗ.
ನಿಂತಂಗ ನಿಂತು ಹೋಗತಾನ.

ಸೆರಗಿನ ತುದಿ ತೊಯಿಸಿ, ಹೆಬ್ಬೆಟ್ಟಿಲೆ
ಒಂದೊಂದ ಗೀಟು ಬಿಡಿಸಿ ತಗದೆ.
ತಗಿಯೂ ಮೊದಲ ಕೈ ಮುಗದೆನೋ ಇಲ್ಲೋ, ಖಬರಿಲ್ಲ.
ನೀಲವ್ವಂದಷ್ಟ ಮುಟ್ಟಲಿಲ್ಲ;
ಒಳಗ ಹೋಗಿ ಕಂಪ್ಯೂಟರಿನಾಗ ನೋಡಿ
ಪೆನ್ನಿಲೆ ಬರದು ಸಹಿ ಹಾಕಿ ಕೊಟ್ಟೆ.
ಹಂಗ ಮಾಡಬಾರದು ಅಂತ ಐತಿ.

ಸಂಜಿ ಆರಕ್ಕ ಹೊಂಟಾಗ
ಗ್ವಾಡಿ ಮ್ಯಾಲಿನ ಹಾಜರಿ ಡಬ್ಬಿಗೆ ಹೆಬ್ಬೆಟ್ಟು ಒತ್ತಿದೆ.
ಕೆಂಪು ದೀಪ.
"ಗುರುತು ಸಿಗುತ್ತಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ."
ಅದ ದನಿ. ಅದ ತಾಳ್ಮಿ.

ಬಟ್ಟಿನ ಗೀಟಿನೊಳಗ ಊರಾಗಿನ ಕುಂಕುಮ ಕುಂತೈತಿ.
ತೊಳೀಬೇಕು, ಇಲ್ಲಂದ್ರ ಇವತ್ತಿನ ಪಗಾರಿಲ್ಲ.
ಹಿತ್ತಲ ನಳ ಬಿಟ್ಟೆ.
ನೀರು ಹರಿಯಾಕತ್ತೇತಿ.
ಕೈ ಇನ್ನೂ ಒಡ್ಡಿಲ್ಲ.