ತುಂಬು

ಧಾರವಾಡದ ತರಬೇತಿಯಲ್ಲಿ ಎಲ್ಲಾ ಹೇಳಿದ್ದರು:
ಕಡ್ಡಿ ಎಷ್ಟು ಒಳಗೆ, ಎಷ್ಟು ಸುತ್ತು,
ಮುಚ್ಚಳ ಕಟಕ್ಕೆನ್ನುವ ತನಕ ತಿರುವಬೇಕು,
ಹೆಸರು ಬರೆಯಬಾರದು, ನಂಬರು ಸಾಕು.
ಮೆಣಸಿನಕಾಯಿಯ ಮಾತು ಯಾರೂ ಎತ್ತಿರಲಿಲ್ಲ.

ಬ್ಯಾಡಗಿಯಲ್ಲಿ ಮೊದಲನೇ ದಿನ
ಗೋದಾಮಿನ ಹಿಂದೆ ಗೋಣಿತಾಟಿನ ಪರದೆ ಕಟ್ಟಿ
ಒಳಗೆ ಕಳಿಸಿದ ಮೊದಲ ಹುಡುಗಿ
ಉರಿ ಉರಿ ಎಂದು ಕುಣಿಯುತ್ತಾ ಹೊರಗೆ ಬಂದಳು.
ರಾಶಿಯ ಸುತ್ತ ಕೂತ ಹೆಂಗಸರೆಲ್ಲ ನಕ್ಕರು.
ನಾನೂ ನಕ್ಕೆ.
ಆಮೇಲೆ ಗೇಟಿನ ಹೊರಗೆ ಓಡಿ
ಒಂದು ತಂಬಿಗೆ ಮಜ್ಜಿಗೆ ತಂದೆ, ನನ್ನ ರೊಕ್ಕದಲ್ಲಿ.
ಪ್ರಾಜೆಕ್ಟಿನ ಖರ್ಚಿನಲ್ಲಿ ಮಜ್ಜಿಗೆಗೆ ಕಾಲಮ್ಮಿಲ್ಲ.

ಈಗ ಬೆಳಿಗ್ಗೆ ಆರೂವರೆಗೆ,
ರಾಶಿಗೆ ಕೈ ಹಾಕುವ ಮೊದಲು.
ಶೇಂಗಾ ಎಣ್ಣೆ, ಕಡ್ಲಿಹಿಟ್ಟು, ಮೇಲೆ ಸಾಬೂನು,
ಆಮೇಲೆ ಬೆರಳ ತುದಿ ತುಟಿಗೆ ಒತ್ತಿ ನೋಡುವುದು.
ಚುರುಕ್ಕೆಂದರೆ ಮತ್ತೊಮ್ಮೆ ಎಣ್ಣೆ.
"ನಿನ್ನಿ ಖಾರ ಇವತ್ತಿನ ತನಕ ಇರತೈತ್ರಿ ಅಕ್ಕಾರ,"
ನಗೀನಾ ಅಂದಳು, "ಕೂಸಿಗೆ ಮೊಲಿ ಕೊಡೂ ಮುಂದ
ಕೈ ಹಿಂದ ಕಟ್ಟಿ ಹಾಕಿದಂಗ ಕೂಡತೀನಿ."

ಫಾರಮ್ಮಿನಲ್ಲಿ ಒಂಬತ್ತನೆಯ ಪ್ರಶ್ನೆ:
ಲಸಿಕೆ ಹಾಕಿಸಿಕೊಂಡಿದ್ದೀರಾ?
ಅಲ್ಲಿಗೆ ಬಂದಾಗ ಎಲ್ಲರೂ ತೋಳು ಏರಿಸಿ
ಸಣ್ಣವರಿದ್ದಾಗಿನ ಆ ದುಂಡನೆಯ ಕಲೆ ತೋರಿಸುತ್ತಾರೆ.
ಅದಲ್ಲ ಅನ್ನುತ್ತೇನೆ.
'ಇಲ್ಲ' ಎಂಬ ಚೌಕದಲ್ಲಿ ಗೆರೆ ಎಳೆಯುತ್ತೇನೆ.
ನೂರಾ ಏಳು ಹಾಳೆ, ನೂರಾ ಏಳು ಗೆರೆ.
ಇಲ್ಲದವರೇ ಬೇಕಾಗಿದ್ದರು ನಮಗೆ.

ಗುಡ್ಡವ್ವ ಮಾತ್ರ ಪೆನ್ನನ್ನೇ ನೋಡುತ್ತಿದ್ದಳು.
"ದಿನಕ್ಕ ಎಷ್ಟು ತುಂಬ್ತೀರಿ?"
ಹದಿನೈದು ಫಾರಮ್ಮು, ಒಮ್ಮೊಮ್ಮೆ ಇಪ್ಪತ್ತು.
"ನೀವು ತುಂಬೂದು, ನಾವು ತುಂಬು ಬಿಡಿಸೂದು.
ನಮಗ ಕಿಲೋ ಲೆಕ್ಕ. ನಿಮಗ?"
ತಲೆಗಿಷ್ಟು, ಅಂದೆ.
"ಹಂಗಾರ ನಮ್ಮ ತಲಿ ತೂಕ ಎಷ್ಟಂತ?"
ಹೇಳಿದೆ. ಅವಳು ಬಾಯೊಳಗೇ ಲೆಕ್ಕ ಹಾಕಿ
ಎರಡೂವರೆ ಚೀಲದ ತುಂಬು, ಅಂದಳು.

ಮದುವೆಯಾದಾಗಿನ ವಯಸ್ಸು?
"ಹದಿನೆಂಟು ಬರಕೋರಿ."
ಬರೆದೆ.
"ಖರೇ ಬೇಕಂದ್ರ ಹದಿನಾರು."
ಪೆನ್ನು ಎತ್ತಿ ಹಿಡಿದು ಕೂತೆ.
ಹೊಡೆದು ಹಾಕಲಿಲ್ಲ, ತಿದ್ದಲೂ ಇಲ್ಲ.

ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿ ಬಸ್ಸು.
ಶಿಗ್ಗಾವಿ ದಾಟುವುದರೊಳಗೆ
ಮುಂದಿನ ಸೀಟಿನ ಮುದುಕ ಒಂಬತ್ತು ಸಲ ಸೀನಿದ.
"ಡಬ್ಬ್ಯಾಗೇನು ಕುಲ್ಫಿ ಏನ್ರಿ?" ಕಂಡಕ್ಟರ್ ಕೇಳಿದ.
ಹೌದು ಅಂದೆ. ಟಿಕೀಟು ಹರಿದುಕೊಟ್ಟ.

ಆರು ವಾರದ ಮೇಲೆ ಹಾಳೆ ಬಂತು.
ವೈರಸ್ಸಿಗೂ ಹೆಸರಿಲ್ಲ, ಅವಕ್ಕೂ ನಂಬರೇ.
ಬಿ ನಲವತ್ತೆರಡರ ಎದುರು ಹದಿನಾರು.
ಒಂದು ಗಳಿಗೆ ಅದು ವಯಸ್ಸೆಂದೇ ಓದಿದೆ.
ಯಾವ ನಂಬರು ಯಾರದೆಂದು ನೆನಪಿಡಬಾರದು,
ಹಾಗಂತ ಸಹಿ ಮಾಡಿದ್ದೇನೆ.
ಸಹಿ ಮಾಡಿದ ಕೈಗೆ ಗೊತ್ತಿರಲಿಲ್ಲವೇ,
ಬಿ ನಲವತ್ತೆರಡು ಬರೆದದ್ದೂ ಅದೇ.

ಹೇಳುವುದು ಡಾಕ್ಟರಮ್ಮನ ಕೆಲಸ. ಕರೆತರುವುದು ನನ್ನದು.
ದವಾಖಾನೆಯಿಂದ ಅವಳು ಹೊರಬಂದಾಗ
ನಾನೇ ಮತ್ತೊಮ್ಮೆ ಹೇಳಿದೆ: ಭಾಳ ಮಂದಿಗೆ
ಬಂದಂಗ ತಾನಾಗೇ ಹೋಗತೈತಿ. ತಪಾಸಣಿ ಮಾತ್ರ ಬಿಡಬ್ಯಾಡ.
"ಹೋಗೂದಾದ್ರ ಎಣಿಸಿದ್ದ್ಯಾಕ?"

ಮುಂದೆ ಸೂಜಿ ಚುಚ್ಚಿಸಿಕೊಂಡ ಹುಡುಗಿಯರು ಬರುತ್ತಾರೆ,
ಅವರಲ್ಲಿ ಎಷ್ಟು ಕಡಿಮೆಯಾಯಿತೆಂದು ತಿಳಿಯಬೇಕಾದರೆ
ಇತ್ತ ಕಡೆ ಏನಾದರೂ ಇರಬೇಕಲ್ಲ...
ಮಾತು ಮುಗಿಸುವುದು ತಿಳಿಯದೆ ನಿಂತೆ.

"ತೂಕದ ಕಲ್ಲು," ಅಂದಳು ಗುಡ್ಡವ್ವ.
ಸಿಟ್ಟಿತ್ತೋ ಇಲ್ಲವೋ, ಆ ಘಾಟಿನಲ್ಲಿ
ಯಾರ ಕಣ್ಣೂ ಓದಲಾಗುವುದಿಲ್ಲ.
ಗೋದಾಮಿಗೆ ವಾಪಸು ಬಂದು ರಾಶಿಗೆ ಕೂತಳು.
ಚೀಲದ ಮೇಲೆ ಮಲಗಿದ್ದ ನಾಲ್ಕು ವರ್ಷದ ಮಗಳು
ಎದ್ದು, ಸೀನಿ, ಮೂಗು ಮುಂದೆ ಮಾಡಿದಳು.
ಅವಳು ಎರಡೂ ಕೈ ದೂರ ಹಿಡಿದು
ಮೊಣಕೈಯಿಂದ ಒರೆಸಿದಳು.